ಗುಡ್ಡ ಕಡಿಯುವ ಮುನ್ನ ಗುಡ್ಡವನ್ನು ಓದಬೇಕು

ಪರ್ವರಿ ಗುಡ್ಡದ ಮೇಲಿನ ಊರು. ಪಣಜಿಯಿಂದ ಮಾಂಡವಿ ಸೇತುವೆ ದಾಟಿ ಮಾಪ್ಸಾದತ್ತ ಹೊರಟ ಬಸ್ಸು ಏರು ಹತ್ತತೊಡಗಿದರೆ ಪರ್ವರಿ ಬಂತೆಂದೇ ಅರ್ಥ. ದಕ್ಷಿಣಕ್ಕೆ ಮಾಂಡವಿ, ಪೂರ್ವಕ್ಕೆ ಮಾಪ್ಸಾ ಹೊಳೆ, ಪಶ್ಚಿಮದ ತಪ್ಪಲಿನಲ್ಲಿ ಸಾಲಿಗಾಂವ, ಸಾಂಗೋಲ್ಡಾ, ಪಿಳೆರ್ಣಗಳ ಗದ್ದೆಬಯಲು. ಇವುಗಳ ನಡುವೆ ಮುರಕಲ್ಲಿನ ಈ ಎತ್ತರದ ನೆಲ. 2000ನೆಯ ಇಸವಿಯಲ್ಲಿ ಗೋವಾ ವಿಧಾನಸಭೆ ಈ ಗುಡ್ಡದ ಮೇಲಿನ ಹೊಸ ಕಟ್ಟಡಕ್ಕೆ ಬಂದಿತು. ಸಚಿವಾಲಯವೂ ಇಲ್ಲಿಯೇ ಇದೆ. 2021ರಲ್ಲಿ ಮುಂಬಯಿ ಹೈಕೋರ್ಟಿನ ಗೋವಾ ಪೀಠಕ್ಕೂ ಇಲ್ಲಿಯೇ ಹೊಸ ಕಟ್ಟಡವಾಯಿತು. ಗೋವಾದ ನೆಲಕ್ಕೆ ಸಂಬಂಧಿಸಿದ ಕಾಯಿದೆ ಹುಟ್ಟುವುದೂ ಆ ಕಾಯಿದೆಯ ವ್ಯಾಜ್ಯ ತೀರುವುದೂ ಈಗ ಒಂದೇ ಗುಡ್ಡದ ಮೇಲೆ.

ಈ ಗುಡ್ಡದಲ್ಲಿ ಪಾಯ ತೆಗೆದವರಲ್ಲಿ, ಕಲ್ಲು ಹೊತ್ತವರಲ್ಲಿ, ಗೋಡೆ ಎಬ್ಬಿಸಿದ ಗೌಂಡಿಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಸೀಮೆಗಳಿಂದ ಬಂದ ಕನ್ನಡಿಗರು ಅನೇಕರು. ವಿಜಯಪುರದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಗೋವಾದಲ್ಲಿ ಅದು ಸುಮಾರು 3000 ಮಿಲಿಮೀಟರು. ಅದೂ ಹೆಚ್ಚುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಊರ ಹೊಲದಲ್ಲಿ ಹನಿ ನೀರನ್ನು ತಡೆದು ನಿಲ್ಲಿಸುವುದು ಜಾಣತನವಾದರೆ, ಇಲ್ಲಿನ ಇಳಿಜಾರಿನಲ್ಲಿ ನೀರಿಗೆ ಅದರ ದಾರಿ ಬಿಟ್ಟುಕೊಡುವುದೂ ಅಷ್ಟೇ ದೊಡ್ಡ ಜಾಣತನ. ಆ ದಾರಿ ಯಾವುದು? ಯಾವ ಮೈ ಕಡಿದರೆ ಗುಡ್ಡ ಕುಸಿದೀತು? ಯಾವ ತಗ್ಗು ತುಂಬಿದರೆ ಯಾರ ಮನೆಗೆ ನೀರು ನುಗ್ಗೀತು? ಇವುಗಳಿಗೆ ಮುಂಚಿತವಾಗಿಯೇ ಉತ್ತರ ಹುಡುಕುವ ವಿದ್ಯೆಗೆ ಭೂದೃಶ್ಯ ಮಾದರಿ ರಚನೆ ಎಂದು ಹೆಸರು. ಹೆಸರು ಭಾರವಾದರೂ ಅದರ ತಿರುಳು ಶಾಲೆಯ ಗಣಿತಕ್ಕೆ ಎಟುಕುವಂಥದೇ.

ಗುಡ್ಡದ ಒಳಗೇನಿದೆ

ಮುರಕಲ್ಲು ಮೇಲ್ನೋಟಕ್ಕೆ ಗಟ್ಟಿ. ಆದರೆ ಅದರ ಮೈತುಂಬ ಸಣ್ಣ ರಂಧ್ರಗಳು, ಬಿರುಕುಗಳು. ಮಳೆನೀರು ಅವುಗಳ ಮೂಲಕ ಒಳಗಿಳಿಯುತ್ತದೆ. ಮುರಕಲ್ಲಿನ ಅಡಿಯಲ್ಲಿ ಜೇಡಿಯಂಥ ಮೆತ್ತನೆಯ ಪದರವಿರುತ್ತದೆ. ಕರಾವಳಿ ಕನ್ನಡದಲ್ಲಿ ಇದಕ್ಕೆ ಶೇಡಿ ಮಣ್ಣು ಎನ್ನುತ್ತಾರೆ. ಇಳಿದು ಬಂದ ನೀರು ಈ ಪದರವನ್ನು ಸುಲಭವಾಗಿ ದಾಟಲಾರದೆ ಅಡ್ಡಡ್ಡ ಹರಿದು ಗುಡ್ಡದ ಬುಡದಲ್ಲಿ ಝರಿಯಾಗಿ ಹೊರಬರುತ್ತದೆ. ಪರ್ವರಿಯ ಪಕ್ಕದ ಸಾಲಿಗಾಂವದ ಸಾಲ್ಮೋನಾ ಝರಿ ಗುಡ್ಡದ ಇಂಥ ನೀರಿನಿಂದಲೇ ಬದುಕಿದೆ. ಗುಡ್ಡದ ನೆತ್ತಿ ಬರಡು ಬಂಡೆಯಂತೆ ಕಂಡರೂ ಅದು ಕೆಳಗಿನ ಬಾವಿ, ಗದ್ದೆಗಳ ನೀರಿನ ತೊಟ್ಟಿ.

ಈ ರಚನೆಯನ್ನು ಅರಿತರೆ ಎರಡು ಅಪಾಯಗಳು ತಾವಾಗಿಯೇ ಗೋಚರಿಸುತ್ತವೆ. ನೆತ್ತಿಯನ್ನು ಕಾಂಕ್ರೀಟಿನಿಂದ ಮುಚ್ಚಿದರೆ ನೀರು ಒಳಗಿಳಿಯದು. ಮಳೆಗಾಲದಲ್ಲಿ ತಪ್ಪಲಿಗೆ ನೆರೆ, ಬೇಸಿಗೆಯಲ್ಲಿ ಬಾವಿಗೆ ಬರ. ಇನ್ನು, ಇಳಿಜಾರನ್ನು ನೆಟ್ಟಗೆ ಕಡಿದರೆ ಒಳಗಿನ ಶೇಡಿ ಬಯಲಿಗೆ ಬರುತ್ತದೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಅದು ನೀರು ಕುಡಿದಾಗ ಜಾರುತ್ತದೆ. ಏಪ್ರಿಲಿನಲ್ಲಿ ಕಡಿದ ಗುಡ್ಡ ಜುಲೈಯಲ್ಲಿ ಬೀಳುವುದಕ್ಕೆ ಇದೇ ಕಾರಣ.

ಚೌಕಗಳಾಗಿ ಒಡೆದ ಗುಡ್ಡ

ಗಣಕಯಂತ್ರ ಗುಡ್ಡವನ್ನು ನೋಡುವುದು ಗಣಿತದ ನೋಟ್‌ಬುಕ್ಕಿನ ಚೌಕಗಳಂತೆ. ನೆಲವನ್ನೆಲ್ಲ ಸಮ ಚೌಕಗಳಾಗಿ ಒಡೆದು, ಒಂದೊಂದು ಚೌಕಕ್ಕೂ ಸಮುದ್ರ ಮಟ್ಟದಿಂದ ಅದರ ಎತ್ತರವನ್ನು ಬರೆಯಲಾಗುತ್ತದೆ. ಈ ಎತ್ತರಗಳು ದೊರೆಯುವುದು ಉಪಗ್ರಹಗಳಿಂದ. 2005ರ ಮೇ ತಿಂಗಳಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹಕ್ಕೆ ಎರಡು ಕ್ಯಾಮೆರಾಗಳಿದ್ದವು. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಬಾಗಿ ಒಂದೇ ಜಾಗವನ್ನು ಎರಡು ಕೋನಗಳಿಂದ ನೋಡುತ್ತಿದ್ದವು. ಎರಡು ಕಣ್ಣಿದ್ದರೆ ದೂರ ಹತ್ತಿರ ತಿಳಿಯುವಂತೆ, ಎರಡು ಚಿತ್ರಗಳಿಂದ ಏರುತಗ್ಗು ತಿಳಿಯುತ್ತದೆ. ಹಾಗೆ ಸಿದ್ಧವಾದ 30 ಮೀಟರ್ ಚೌಕಗಳ ಎತ್ತರದ ನಕ್ಷೆ ಇಸ್ರೋದ ‘ಭುವನ್’ ತಾಣದಲ್ಲಿ ಉಚಿತವಾಗಿ ದೊರೆಯುತ್ತದೆ.

ಎತ್ತರ ತಿಳಿದ ಮೇಲೆ ಉಳಿದದ್ದು ಲೆಕ್ಕ. ಪ್ರತಿ ಚೌಕಕ್ಕೂ ಸುತ್ತ ಎಂಟು ನೆರೆಯ ಚೌಕಗಳಿವೆ. ಅವುಗಳಲ್ಲಿ ಅತ್ಯಂತ ಕಡಿದಾಗಿ ಇಳಿಯುವ ಕಡೆಗೆ ನೀರು ಹರಿಯುತ್ತದೆ ಎಂಬುದು ಸರಳ ನಿಯಮ. ಹೀಗೆ ಚೌಕದಿಂದ ಚೌಕಕ್ಕೆ ನೀರನ್ನು ಹರಿಸುತ್ತ ಹೋದರೆ ಹಳ್ಳ ಎಲ್ಲಿ ಮೂಡುತ್ತದೆ, ಎಷ್ಟು ನೆಲದ ನೀರು ಯಾವ ತಗ್ಗಿಗೆ ಸೇರುತ್ತದೆ ಎಂಬುದು ತಾನಾಗಿ ಬರೆದುಕೊಳ್ಳುತ್ತದೆ. ಇಳಿಜಾರಿನ ಲೆಕ್ಕವೂ ಹಾಗೆಯೇ: ಅಡ್ಡಕ್ಕೆ 100 ಮೀಟರ್ ಹೋಗುವಷ್ಟರಲ್ಲಿ ನೆಲ 25 ಮೀಟರ್ ಏರಿದರೆ ಅದು ಶೇಕಡ 25ರ ಇಳಿಜಾರು.

ಇದರ ಮೇಲೆ ಮತ್ತಷ್ಟು ಪದರಗಳು ಬರುತ್ತವೆ. ಮಣ್ಣಿನ ಬಗೆ, ಗಿಡಮರಗಳ ಹೊದಿಕೆ, ಕಟ್ಟಡ, ರಸ್ತೆ, ಮಳೆಯ ಪ್ರಮಾಣ, ಬಾವಿ ಮತ್ತು ಝರಿ. ಒಂದೊಂದಕ್ಕೂ ಒಂದೊಂದು ನಕ್ಷೆ. ಅಮೆರಿಕದಲ್ಲಿ ನೆಲೆಸಿದ್ದ ಯೋಜನಾ ತಜ್ಞ ಇಯಾನ್ ಮಕ್‌ಹಾರ್ಗ್ 1969ರ ತನ್ನ ಗ್ರಂಥದಲ್ಲಿ ಇಂಥ ನಕ್ಷೆಗಳನ್ನು ಪಾರದರ್ಶಕ ಹಾಳೆಗಳ ಮೇಲೆ ಬರೆದು ಒಂದರ ಮೇಲೊಂದು ಇಟ್ಟು ನೋಡುವ ಕ್ರಮವನ್ನು ಜನಪ್ರಿಯಗೊಳಿಸಿದ. ಎಲ್ಲ ಹಾಳೆಗಳಲ್ಲೂ ಕಪ್ಪಾಗಿ ಕಂಡ ಜಾಗ ಮುಟ್ಟಬಾರದ ಜಾಗ. ಎಲ್ಲದರಲ್ಲೂ ತಿಳಿಯಾಗಿ ಕಂಡದ್ದು ಕಟ್ಟಲು ಯೋಗ್ಯವಾದದ್ದು. ಗಣಕಯಂತ್ರ ಇಂದು ಮಾಡುತ್ತಿರುವುದು ಆ ಹಾಳೆಗಳ ಕೆಲಸವನ್ನೇ. ಅದಕ್ಕಿರುವ ಹೆಚ್ಚಿನ ಅನುಕೂಲವೆಂದರೆ ‘ಹೀಗೆ ಮಾಡಿದರೆ ಏನಾದೀತು’ ಎಂದು ಕೇಳಿನೋಡಬಹುದು. ಗುಡ್ಡದ ಕಾಡನ್ನು ತೆಗೆದು ಕಟ್ಟಡವೆಂದು ಬದಲಿಸಿದರೆ ಕೆಳಗಿನ ಹಳ್ಳಕ್ಕೆ ಎಷ್ಟು ನೀರು ಹೆಚ್ಚುತ್ತದೆಂದು ಒಂದು ಕಲ್ಲನ್ನೂ ಕದಲಿಸದೆ ತಿಳಿಯಬಹುದು.

ಊರ ಹೊಲದಲ್ಲಿ ಇದೇ ವಿದ್ಯೆ

ಇದು ನಗರದವರ ಬೆರಗಿನ ವಿದ್ಯೆಯಲ್ಲ. ಗೋವಾದ ಕನ್ನಡಿಗರ ತವರೂರುಗಳಲ್ಲೇ ಇದರ ದೊಡ್ಡ ಪ್ರಯೋಗ ನಡೆದಿದೆ. ಕರ್ನಾಟಕದ ಜಲಾನಯನ ಇಲಾಖೆ ವಿಶ್ವಬ್ಯಾಂಕಿನ ನೆರವಿನಿಂದ ಕೈಗೊಂಡ ಸುಜಲಾ ಯೋಜನೆ 2001ರಲ್ಲಿ ಆರಂಭವಾಯಿತು. ಅದರ ಮೊದಲ ಜಿಲ್ಲೆಗಳಲ್ಲಿ ಧಾರವಾಡ, ಹಾವೇರಿಗಳೂ ಇದ್ದವು. ಮುಂದೆ ಸುಜಲಾ-3ರಲ್ಲಿ ವಿಜಯಪುರ, ಗದಗ, ಕೊಪ್ಪಳ, ರಾಯಚೂರು, ಯಾದಗಿರಿ, ಕಲಬುರಗಿ, ಬೀದರ ಸೇರಿ 11 ಜಿಲ್ಲೆಗಳ ಕಿರು ಜಲಾನಯನಗಳಲ್ಲಿ ಭೂ ಸಂಪನ್ಮೂಲ ಸಮೀಕ್ಷೆ ನಡೆಯಿತು.

ಅಲ್ಲಿ ನಕ್ಷೆಯ ಅಳತೆ 1:7920. ಹಾಳೆಯ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲೆ ಸುಮಾರು 79 ಮೀಟರು. ಅಂದರೆ ಒಂದೊಂದು ಸರ್ವೆ ನಂಬರೂ ಗುರುತು ಸಿಗುವಷ್ಟು ಸೂಕ್ಷ್ಮ. ತಜ್ಞರು ಹೊಲಗಳಲ್ಲಿ ಗುಂಡಿ ತೋಡಿ ಮಣ್ಣಿನ ಆಳ, ಪೋಷಕಾಂಶಗಳನ್ನು ಪರೀಕ್ಷಿಸಿದರು. ಎರೆಯೋ ಮಸಾರಿಯೋ, ನೆಲ ಎಷ್ಟು ಓರೆ, ಯಾವ ಬೆಳೆಗೆ ಯೋಗ್ಯ, ಬದು ಹಾಕಬೇಕೋ ಕೃಷಿ ಹೊಂಡ ತೋಡಬೇಕೋ ಎಂಬ ವಿವರಗಳುಳ್ಳ ಚೀಟಿ ರೈತರ ಕೈಸೇರಿತು.

ಮಣ್ಣಿನ ಸವಕಳಿಯ ಲೆಕ್ಕಕ್ಕೆ ವಿಜ್ಞಾನಿಗಳು ಬಳಸುವ ಪ್ರಸಿದ್ಧ ಸೂತ್ರವೊಂದರಲ್ಲಿ ಐದು ಅಂಶಗಳಿವೆ: ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಕಡಿದು, ಹಸಿರಿನ ಹೊದಿಕೆ, ಒಡ್ಡುಬದುಗಳ ರಕ್ಷಣೆ. ಈ ಐದನ್ನೂ ಕೂಡಿಸುವುದಿಲ್ಲ, ಗುಣಿಸುತ್ತಾರೆ. ಆದ್ದರಿಂದ ಒಂದು ಅಂಶ ಹತ್ತುಪಟ್ಟಾದರೆ ಸವಕಳಿಯೂ ಹತ್ತುಪಟ್ಟಾಗುತ್ತದೆ. ಮಳೆಯನ್ನೂ ಮಣ್ಣನ್ನೂ ಮನುಷ್ಯ ಬದಲಿಸಲಾರ. ಹೊದಿಕೆಯನ್ನೂ ಒಡ್ಡನ್ನೂ ಬದಲಿಸಬಲ್ಲ. ಬಯಲುಸೀಮೆಯ ರೈತ ಅಜ್ಜಂದಿರಿಂದ ಕಲಿತ ಪಾಠವನ್ನೇ ಈ ಸೂತ್ರ ಅಂಕಿಗಳಲ್ಲಿ ಹೇಳುತ್ತದೆ. ಗೋವಾದ ಗುಡ್ಡಕ್ಕೂ ಅದೇ ಪಾಠ ಅನ್ವಯಿಸುತ್ತದೆ. ಇಲ್ಲಿ ಮಳೆಯ ಹೊಡೆತ ಹೆಚ್ಚಿರುವುದರಿಂದ ಹೊದಿಕೆ ತೆಗೆದ ತಪ್ಪಿಗೆ ದಂಡವೂ ಹೆಚ್ಚು.

ಗೋವಾದ ನಕ್ಷೆ, ಗೋವಾದ ಕಾಯಿದೆ

ಗೋವಾದ ವಿಸ್ತೀರ್ಣ 3702 ಚದರ ಕಿಲೋಮೀಟರು. ಇಷ್ಟು ಚಿಕ್ಕ ರಾಜ್ಯದಲ್ಲಿ ಯಾವ ನೆಲ ಯಾವುದಕ್ಕೆ ಎಂಬ ಪ್ರಶ್ನೆ ಸಹಜವಾಗಿಯೇ ದೊಡ್ಡ ಜಗಳವಾಗಿದೆ. 2006ರಲ್ಲಿ ಪ್ರಕಟವಾದ ಪ್ರಾದೇಶಿಕ ಯೋಜನೆ ಜನರ ತೀವ್ರ ವಿರೋಧದಿಂದ ಮರುವರ್ಷವೇ ಹಿಂದೆ ಸರಿಯಿತು. ಆಮೇಲೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯಾ ಅವರನ್ನೊಳಗೊಂಡ ಕಾರ್ಯಪಡೆ ಸಿದ್ಧಪಡಿಸಿದ ‘ಪ್ರಾದೇಶಿಕ ಯೋಜನೆ 2021’ ಪದರ ಪದರವಾಗಿ ನೆಲವನ್ನು ನೋಡುವ ಕ್ರಮವನ್ನು ಅನುಸರಿಸಿತು. ಕಾಡು, ಜಲಮೂಲ, ಕಾಂಡ್ಲಾವನ, ಭತ್ತದ ಗದ್ದೆ ಮೊದಲಾದವು ಪರಿಸರ ಸೂಕ್ಷ್ಮ ವಲಯಗಳಲ್ಲಿ ಸೇರಿದವು. ಶೇಕಡ 25ಕ್ಕಿಂತ ಹೆಚ್ಚು ಕಡಿದಾದ ಇಳಿಜಾರುಗಳು ಕಟ್ಟಡ ನಿಷಿದ್ಧ ಜಾಗಗಳಾದವು. ಕರಡು ನಕ್ಷೆಗಳು ಗ್ರಾಮವಾರು ಪಂಚಾಯತಿಗಳಿಗೆ ಹೋಗಿ ಅಲ್ಲಿ ಚರ್ಚೆಯಾದದ್ದು ಅದರ ವಿಶೇಷ.

ಕಾಯಿದೆಯೂ ಇದೆ. ಗೋವಾದ 1974ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯ 17ಎ ಕಲಮು ಅನುಮತಿಯಿಲ್ಲದೆ ಗುಡ್ಡ ಕಡಿಯುವುದನ್ನೂ ತಗ್ಗುಭೂಮಿ ತುಂಬುವುದನ್ನೂ ನಿಷೇಧಿಸುತ್ತದೆ. ಶೇಕಡ 10 ಅಥವಾ ಅದಕ್ಕಿಂತ ಹೆಚ್ಚು ಇಳಿಜಾರಿದ್ದರೆ ಈ ಕಲಮಿನ ದೃಷ್ಟಿಯಲ್ಲಿ ಅದು ಗುಡ್ಡ. ಭತ್ತದ ಗದ್ದೆ ಮತ್ತು ಖಾಜನ ನೆಲ ತಗ್ಗುಭೂಮಿ.

2023ರಲ್ಲಿ ಇದೇ ಕಾಯಿದೆಗೆ 17(2) ಎಂಬ ಉಪಕಲಮು ಸೇರಿತು. ಪ್ರಾದೇಶಿಕ ಯೋಜನೆಯಲ್ಲಿ ಅಚಾತುರ್ಯದಿಂದ ನುಸುಳಿದ ತಪ್ಪುಗಳನ್ನು ತಿದ್ದುವುದು ಅದರ ಉದ್ದೇಶವೆಂದು ಸರ್ಕಾರ ಹೇಳಿತು. ತುಂಡು ತುಂಡು ನಿವೇಶನಗಳ ವಲಯ ಬದಲಿಸಲು ಅದು ದಾರಿಯಾಗಿದೆ ಎಂದು ಪರಿಸರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚಿನಲ್ಲಿ ಪರ್ವರಿಯ ಹೈಕೋರ್ಟು ಈ ಉಪಕಲಮಿನಡಿ ರಚಿತವಾದ ನಿಯಮಗಳನ್ನು ರದ್ದುಗೊಳಿಸಿತು.

ವ್ಯಾಜ್ಯದ ಸರಿತಪ್ಪುಗಳ ಆಚೆಗೆ ಇಲ್ಲಿ ವಿಜ್ಞಾನದ ಮಾತೊಂದಿದೆ. ಅರ್ಜಿ ಬರುವುದು ಒಂದು ಸರ್ವೆ ನಂಬರಿಗೆ. ನೀರು ಹರಿಯುವುದು ಇಡೀ ಗುಡ್ಡದ ಲೆಕ್ಕದಲ್ಲಿ. ಒಂದು ನಿವೇಶನವನ್ನು ಮಾತ್ರ ನೋಡಿದರೆ ಅದನ್ನು ಕಡಿಯುವುದರಿಂದ ಹೆಚ್ಚೇನೂ ಆಗದು ಎನಿಸಬಹುದು. ಅಂಥ ನಲವತ್ತು ನಿವೇಶನಗಳ ನೀರು ಕೂಡಿ ತಪ್ಪಲಿನ ಒಂದೇ ತೋಡಿಗೆ ಬಂದಾಗಲೇ ಲೆಕ್ಕ ತಿಳಿಯುವುದು. ತುಂಡುಗಳನ್ನು ಕೂಡಿಸಿ ನೋಡುವುದೇ ಮಾದರಿಯ ನಿಜವಾದ ಪ್ರಯೋಜನ.

ಅಳತೆಗೆ ತಕ್ಕ ಉತ್ತರ

ಹಾಗೆಂದು ಗಣಕಯಂತ್ರದ ನಕ್ಷೆ ಸರ್ವಜ್ಞವಲ್ಲ. ಎಷ್ಟು ದೊಡ್ಡ ಚೌಕವೋ ಅಷ್ಟೇ ಒರಟು ಉತ್ತರ. ಪಶ್ಚಿಮಘಟ್ಟದ ರಕ್ಷಣೆಗಾಗಿ 2010ರಲ್ಲಿ ನೇಮಕಗೊಂಡ ಮಾಧವ ಗಾಡ್ಗೀಳರ ಸಮಿತಿ ಘಟ್ಟಗಳನ್ನು ಸುಮಾರು 9 ಕಿಲೋಮೀಟರು ಬದಿಯ ಚೌಕಗಳಾಗಿ ವಿಂಗಡಿಸಿ, ಕಾಡು, ಇಳಿಜಾರು, ಅಪರೂಪದ ಸಸ್ಯ ಮೊದಲಾದವುಗಳಿಗೆ ಅಂಕ ನೀಡಿ, ಮೂರು ಸ್ತರದ ಸೂಕ್ಷ್ಮ ವಲಯಗಳನ್ನು ಸೂಚಿಸಿತು. 2024ರ ಜುಲೈ 31ರಂದು ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆ ಘಟ್ಟದ 56,825 ಚದರ ಕಿಲೋಮೀಟರನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು; ಅದರಲ್ಲಿ ಕರ್ನಾಟಕದ್ದು 20,668, ಗೋವಾದ್ದು 1461. ಇಡೀ ಘಟ್ಟವನ್ನು ನೋಡಲು ದೊಡ್ಡ ಚೌಕ ಬೇಕೇ ಬೇಕು. ಆದರೆ ಅಂಥ ಒಂದು ಚೌಕದಲ್ಲಿ ಪರ್ವರಿಯ ಗುಡ್ಡವೆಲ್ಲ ಅಡಗಿ ಹೋಗುತ್ತದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014ರಿಂದ ದೇಶದ ಗುಡ್ಡಗಾಡುಗಳಲ್ಲಿ ಕುಸಿತದ ಸಂಭವವಿರುವ ಜಾಗಗಳ ನಕ್ಷೆಯನ್ನು 1:50,000 ಅಳತೆಯಲ್ಲಿ ರಚಿಸಿದೆ. ಅಲ್ಲಿ ಒಂದು ಮಿಲಿಮೀಟರು ಎಂದರೆ ನೆಲದ 50 ಮೀಟರು. ಯಾವ ತಾಲ್ಲೂಕಿನ ಯಾವ ಮಗ್ಗುಲು ಅಪಾಯಕಾರಿ ಎಂದು ಅದು ಹೇಳಬಲ್ಲದು. ಯಾರದೋ ಹಿತ್ತಲಿನ ಎರಡಾಳೆತ್ತರದ ಧರೆಯನ್ನು ಅದು ಕಾಣಲಾರದು. 30 ಮೀಟರಿನ ಚೌಕಕ್ಕೆ ಎರಡು ಮೀಟರು ಅಗಲದ ತೋಡೂ ಕಾಣದು, ಕಸ ತುಂಬಿದ ಮೋರಿಯೂ ಕಾಣದು.

ಆ ಕಾಣದ ಜಾಗದಲ್ಲೇ ಜೀವಹಾನಿಯಾಗುತ್ತದೆ. ಪರ್ವರಿಯನ್ನು ಹಾದುಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯೇ ದಕ್ಷಿಣಕ್ಕೆ ಕಾರವಾರ, ಅಂಕೋಲಾ ದಾಟಿ ಕಾಸರಗೋಡಿನತ್ತ ಸಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು, ರಸ್ತೆ ದಾಟಿ ಗಂಗಾವಳಿ ನದಿಗೆ ಇಳಿಯಿತು. ರಸ್ತೆಬದಿಯ ಚಹಾದಂಗಡಿಯಲ್ಲಿದ್ದವರು ಸೇರಿ ಹಲವರು ಜೀವ ಕಳೆದುಕೊಂಡರು. ನದಿಗೆ ಬಿದ್ದ ಲಾರಿಯೊಂದು ದೊರೆತದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ. ಅದಕ್ಕೂ ಹಿಂದೆ, 2009ರ ಅಕ್ಟೋಬರ್ 2ರಂದು ಕಾರವಾರ ಸಮೀಪದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಮಡಿದರು. ಅದೇ ದಿನ ಗಡಿಯಾಚೆ ಗೋವಾದ ಕಾಣಕೋಣದಲ್ಲಿ ದಿಢೀರ್ ನೆರೆ ಬಂದಿತು. ಗಡಿರೇಖೆ ನಕ್ಷೆಯ ಮೇಲಿದೆ. ಮಳೆಗೂ ಗುಡ್ಡಕ್ಕೂ ಅದರ ಪರಿವೆಯಿಲ್ಲ.

ಗಣಕಯಂತ್ರಕ್ಕಿಂತ ಹಿಂದಿನ ಮಾದರಿ

ನೆಲವನ್ನು ಓದಿ ನಡೆಯುವ ವಿವೇಕ ಹೊಸದೇನಲ್ಲ. ಪರ್ವರಿಯ ಕೆಳಗಿನ ಹೊಳೆತೀರಗಳಲ್ಲೂ ಎದುರಿನ ಚೊಡಣ, ದಿವಾಡಿ ದ್ವೀಪಗಳಲ್ಲೂ ಕಾಣುವ ಖಾಜನ ಗದ್ದೆಗಳು ಭರತದ ಉಪ್ಪುನೀರಿನ ಮಟ್ಟಕ್ಕಿಂತ ಕೆಳಗಿರುವ ನೆಲ. ಮಣ್ಣಿನ ಒಡ್ಡು ಕಟ್ಟಿ, ಅದರಲ್ಲಿ ಮಾನಸ ಎಂಬ ತೂಬಿನ ಬಾಗಿಲು ಇಟ್ಟು, ಭರತ ಬಂದಾಗ ನೀರಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚುವಂತೆಯೂ ಇಳಿತದಲ್ಲಿ ತಾನೇ ತೆರೆದು ಒಳನೀರು ಹೊರಹೋಗುವಂತೆಯೂ ಹಿರಿಯರು ವ್ಯವಸ್ಥೆ ಮಾಡಿದ್ದರು. ಉತ್ತರ ಕನ್ನಡದ ಅಘನಾಶಿನಿ ತೀರದಲ್ಲಿ ಇಂಥ ನೆಲಕ್ಕೆ ಗಜನಿ ಎಂದು ಹೆಸರು. ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ, ಗೋವಾದಲ್ಲಿ ಕೊರ್ಗುಟ್ ಭತ್ತ ಬೆಳೆಯುತ್ತಾರೆ. ಹೆಸರು ಬೇರೆ, ಬುದ್ಧಿ ಒಂದೇ.

ಭರತ ಇಳಿತಗಳ ಲೆಕ್ಕ, ಒಡ್ಡಿನ ಎತ್ತರ, ನೀರು ಇಂಗುವ ತಗ್ಗು ಇವೆಲ್ಲ ತಲೆಮಾರುಗಳ ಅನುಭವದಲ್ಲಿ ರೂಪುಗೊಂಡ ಮಾದರಿಗಳೇ. ಗುಡ್ಡದಿಂದ ಇಳಿಯುವ ನೆರೆಯನ್ನು ಹೀರಿಕೊಳ್ಳುವ ಹಸಿದ ಹೊಟ್ಟೆಯೂ ಈ ಗದ್ದೆಗಳೇ. ಅವುಗಳನ್ನು ಮಣ್ಣು ಹಾಕಿ ಮುಚ್ಚಿದರೆ ಆ ನೀರು ಬೇರೆಯವರ ಅಂಗಳ ಹುಡುಕುತ್ತದೆ. ಆದ್ದರಿಂದ ಉಪಗ್ರಹದ ನಕ್ಷೆಯ ಪಕ್ಕದಲ್ಲಿ ಸ್ಥಳೀಯರ ನೆನಪೂ ಇರಬೇಕು. ಹಿಂದಿನ ಮಳೆಗಾಲಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಝರಿ ಯಾವಾಗ ಬತ್ತಿತು ಎಂಬುದು ಅಲ್ಲಿ ಬಾಳಿದವರಿಗೇ ಗೊತ್ತು.

ಗೌಂಡಿಯ ಪೈಪು, ಮಕ್ಕಳ ಲೆಕ್ಕ

ಈ ವಿದ್ಯೆಯಲ್ಲಿ ಕನ್ನಡ ಕುಟುಂಬಗಳಿಗೆ ಪಾಲಿದೆಯೇ? ಇದೆ; ಅದಕ್ಕೆ ಬೇಕಾದ ಉಪಕರಣವೂ ಅವರ ಮನೆಯಲ್ಲೇ ಇದೆ. ಗೌಂಡಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಇಳಿಜಾರಿನಲ್ಲಿ ಅಡ್ಡಕ್ಕೆ 10 ಮೀಟರು ಅಳೆದು, ಎರಡು ಕಡೆಯೂ ನೀರಿನ ಮಟ್ಟದಿಂದ ನೆಲಕ್ಕೆ ಎಷ್ಟು ದೂರವೆಂದು ನೋಡಿದರೆ ಎತ್ತರದ ವ್ಯತ್ಯಾಸ ತಿಳಿಯುತ್ತದೆ. ವ್ಯತ್ಯಾಸ ಒಂದು ಮೀಟರಾದರೆ ಇಳಿಜಾರು ಶೇಕಡ 10, ಅಂದರೆ ಕಾಯಿದೆಯ ಕಣ್ಣಿನಲ್ಲಿ ಗುಡ್ಡ. ಎರಡೂವರೆ ಮೀಟರಾದರೆ ಶೇಕಡ 25. ತಂದೆಯ ಕಸುಬಿನ ಪೈಪೂ ಮಗಳ ಗಣಿತದ ಪುಸ್ತಕವೂ ಒಂದೆಡೆ ಕೂಡುವ ಪಾಠ ಇದು.

ಮಳೆಯ ಲೆಕ್ಕವೂ ಅಷ್ಟೇ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನೂರು ಚದರ ಮೀಟರಿನ ತಾರಸಿಯ ಮೇಲೆ ಒಂದು ದಿನದಲ್ಲಿ 100 ಮಿಲಿಮೀಟರು ಸುರಿದರೆ ಹತ್ತು ಸಾವಿರ ಲೀಟರು. ಅದು ಎತ್ತ ಹೋಯಿತೆಂದು ಮಕ್ಕಳು ಹಿಂಬಾಲಿಸಿ ಗೆರೆ ಎಳೆದರೆ ಅದೇ ಅವರ ಓಣಿಯ ಮೊದಲ ನೀರಿನ ನಕ್ಷೆ. ಉಪಗ್ರಹಕ್ಕೆ ಕಾಣದ ಮೋರಿ, ತೋಡು, ಬಿರುಕುಗಳೆಲ್ಲ ಅದರಲ್ಲಿ ಇರುತ್ತವೆ.

ಗುಡ್ಡದ ಬದಿಯಲ್ಲಿ ವಾಸಿಸುವವರು ಮಳೆಗಾಲದಲ್ಲಿ ಕೆಲವು ಚಿಹ್ನೆಗಳನ್ನು ಗಮನಿಸಬೇಕು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಉಬ್ಬಿದ ತಡೆಗೋಡೆ, ತಿಳಿಯಾಗಿದ್ದ ಝರಿಯಲ್ಲಿ ದಿಢೀರನೆ ಕೆಂಪುನೀರು, ಕಾರಣವಿಲ್ಲದೆ ಬಿಗಿಯಾದ ಬಾಗಿಲು. ಇವುಗಳಲ್ಲಿ ಒಂದು ಕಂಡರೂ ಸಾಮಾನಿನ ಆಸೆ ಬಿಟ್ಟು ಹೊರಬಂದು 112ಕ್ಕೆ ಕರೆಮಾಡಬೇಕು. ತಡೆಗೋಡೆಯ ನೀರುಗಂಡಿಗಳನ್ನು ಎಂದಿಗೂ ಮುಚ್ಚಬಾರದು. ಗೋಡೆಯನ್ನು ಕೆಡವುವುದು ಹೆಚ್ಚಾಗಿ ಅದರ ಹಿಂದೆ ಕೂಡಿಕೊಂಡ ನೀರೇ.

ಒಂದು ಎಚ್ಚರಿಕೆಯೂ ಅಗತ್ಯ. ಕಡಿದಾದ ಜಾಗದಲ್ಲೂ ತಗ್ಗಿನಲ್ಲೂ ದುಡಿಯುವ ಕುಟುಂಬಗಳು ವಾಸಿಸುವುದು ತಿಳಿಯದೆ ಅಲ್ಲ. ಕೈಗೆಟುಕುವ ಬಾಡಿಗೆ ಅಲ್ಲಿ ಮಾತ್ರ ಸಿಗುತ್ತದೆಂದು. ಅಪಾಯದ ನಕ್ಷೆ ಅವರನ್ನು ಉಳಿಸುವ ಸಾಧನವಾಗಬಹುದು, ಬದಲಿ ಸೂರು ಕೊಡದೆ ಒಕ್ಕಲೆಬ್ಬಿಸುವ ನೆಪವೂ ಆಗಬಹುದು. ಯಾವುದಾಗುತ್ತದೆ ಎಂಬುದನ್ನು ಗಣಕಯಂತ್ರ ತೀರ್ಮಾನಿಸುವುದಿಲ್ಲ. ಯಾವ ಪದರಕ್ಕೆ ಎಷ್ಟು ತೂಕ, ಯಾರ ನಷ್ಟ ಎಷ್ಟು ದೊಡ್ಡದು ಎಂದು ಆರಿಸುವವರು ಮನುಷ್ಯರೇ.

ಆ ಆಯ್ಕೆ ನಡೆಯುವ ಜಾಗ ವಿಧಾನಸಭೆ ಮಾತ್ರವಲ್ಲ. ಪರ್ವರಿ ಹಂಚಿಹೋಗಿರುವ ಸೊಕೊರೊ, ಪೆನ್ಹಾ ದ ಫ್ರಾನ್ಸಾ ಮೊದಲಾದ ಪಂಚಾಯತಿಗಳ ಗ್ರಾಮಸಭೆಗಳೂ ಅಂಥವೇ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಅಲ್ಲಿ ಕೂರುವ, ಕೇಳುವ ಹಕ್ಕಿದೆ. ಕೊಂಕಣಿ ಬಾರದೆಂಬ ಸಂಕೋಚದಿಂದ ಹಿಂದೆ ಉಳಿದವರ ಮನೆಯಲ್ಲಿ ಇಂದು ಕೊಂಕಣಿ, ಕನ್ನಡ ಎರಡನ್ನೂ ಬಲ್ಲ ಮಕ್ಕಳಿದ್ದಾರೆ. ಗ್ರಾಮದ ನಕ್ಷೆಯನ್ನು ಮುಂದಿಟ್ಟುಕೊಂಡು ಕೇಳಬೇಕಾದ ಪ್ರಶ್ನೆಗಳು ಮೂರೇ: ಈ ಜಾಗದ ಇಳಿಜಾರು ಎಷ್ಟು? ಇಲ್ಲಿಯ ನೀರು ಎತ್ತ ಹೋಗುತ್ತದೆ? ಅದು ಹೋಗುವ ದಾರಿಯಲ್ಲಿ ಯಾರ ಮನೆಯಿದೆ? ಈ ಮೂರಕ್ಕೆ ಉತ್ತರ ದೊರೆತ ನಂತರವೇ ಗುಡ್ಡಕ್ಕೆ ಹಾರೆ ತಾಗಬೇಕು.